ರಿಕ್ಷಾದೊಳಗಿನ ಕಲ್ಯಾಣಪ್ಪ

ಸಂತೆಯ ದಿನ ಬಂತೆಂದರೆ ಅಕ್ಕಲಕೋಟೆಯ ಗುರುಲಿಂಗಮ್ಮನಿಗೆ ಕೆಲಸದ ಮೇಲೆ ಮನಸ್ಸು ನಿಲ್ಲುತ್ತಿರಲಿಲ್ಲ. ಸೊಲ್ಲಾಪುರದ ಚಾದರದಂಗಡಿಯ ರಿಕ್ಷಾ ಓಣಿಗೆ ಬರುತ್ತಿತ್ತು. ಅದರ ನೆತ್ತಿಗೆ ಕಟ್ಟಿದ ಧ್ವನಿವರ್ಧಕದ ಭೋಂಗಾದಲ್ಲಿ, ತೀರಿಕೊಂಡು ಎರಡು ವರ್ಷವಾಗಿದ್ದ ಆಕೆಯ ಗಂಡ ಕಲ್ಯಾಣಪ್ಪ ಮಾತಾಡುತ್ತಿದ್ದ.

ಬದುಕಿದ್ದಾಗ ಅವನ ಕಸುಬೂ ಅದೇ. ರಿಕ್ಷಾದಲ್ಲಿ ಮೈಕು ಹಿಡಿದು ಕೂತು, ಕನ್ನಡದಲ್ಲೊಮ್ಮೆ ಮರಾಠಿಯಲ್ಲೊಮ್ಮೆ ಊರಿಗೆಲ್ಲ ಸುದ್ದಿ ಸಾರುತ್ತಿದ್ದ. ಚಾದರದ ಮೂಲೆಯನ್ನು ನೀರಲ್ಲಿ ಅದ್ದಿ ನೋಡದೆ ‘ಬಣ್ಣ ಬಿಡೂದಿಲ್ಲ’ ಎಂದವನಲ್ಲ. ಅವನ ಹಳೆಯ ರೆಕಾರ್ಡುಗಳನ್ನು ಅಂಗಡಿಯ ಮಾಲಕ ಶೈಲೇಶ ಕಂಪ್ಯೂಟರಿಗೆ ಹಾಕಿ, ಎ.ಐ.ನಿಂದ ಅದೇ ದನಿ ತೆಗೆಸಿದ್ದ. ಮನೆಯವರನ್ನು ಒಂದು ಮಾತೂ ಕೇಳಿರಲಿಲ್ಲ. ಸಿಟ್ಟು ಬರಬೇಕಿತ್ತು, ಗುರುಲಿಂಗಮ್ಮನಿಗೆ ಬಂದದ್ದು ಆಸೆ. ಹಂಚಿನ ಮೇಲೆ ರೊಟ್ಟಿ ಕರಕಾದರೂ ಸರಿ, ದನಿ ಕೇಳಿಸುವಷ್ಟು ಹೊತ್ತು ಹೊರಗೇ ಇರುತ್ತಿದ್ದಳು.

ಒಂದು ದಿನ ಪಕ್ಕದ ಮನೆಯ ದ್ರೌಪದಿ ಬಣ್ಣ ಬಿಟ್ಟ ಚಾದರವನ್ನು ತಂದು ಕಟ್ಟೆಯ ಮೇಲೆ ಎಸೆದಳು. “ನಿಮ್ಮವರ ಮಾತ ನಂಬಿ ತಗೊಂಡಿದ್ದೆ ನೋಡವ್ವ” ಎಂದಳು.

ಮಾತು ಎದೆಗೆ ನಾಟಿತು. ಸೊಲ್ಲಾಪುರದಲ್ಲಿ ವಕೀಲಳಾಗಿದ್ದ ಅಣ್ಣನ ಮಗಳು ಪ್ರಣಿತಾಳಿಗೆ ಫೋನು ಮಾಡಿದಳು.

“ಅತ್ತಿ, ಎ.ಐ.ಗಂತ ನೆಟ್ಟಗ ಒಂದು ಕಾಯ್ದೆ ಇನ್ನೂ ಬರಬೇಕಾಗೇತಿ. ಆದ್ರ ಮನಷ್ಯಾನ ದನಿ ಅಂದ್ರ ಅವನ ಹಕ್ಕು, ಕೋರ್ಟ್ ಕೇಳತೈತಿ. ನೀ ಹೂಂ ಅನ್ನು, ನೋಟಿಸ್ ಕಳಸಿ ಪೂರ್ತಿ ಅಳಸಿ ಹಾಕಸ್ತೀನಿ.”

ಅಳಿಸುವುದು ಎಂದ ಕೂಡಲೇ ಗುರುಲಿಂಗಮ್ಮನಿಗೆ ಹೂಂ ಅನ್ನಲಾಗಲಿಲ್ಲ. ಗಂಡನ ಮಾನ ಉಳಿಯಬೇಕು, ದನಿಯೂ ಉಳಿಯಬೇಕು. ಎರಡೂ ಹೇಗೆ ಸಾಧ್ಯ?

ಅಷ್ಟರಲ್ಲಿ ಪ್ರಣಿತಾ ತಾನಾಗಿಯೇ ಶೈಲೇಶನಿಗೆ ಫೋನು ಮಾಡಿ ಗದರಿಸಿದ್ದೇ ತಡ, ಅವನು ಪೇಢೆ ಹಿಡಿದುಕೊಂಡು ಮನೆಗೇ ಬಂದ.

“ಕಾಕು, ಕೋರ್ಟು ಕಚೇರಿ ಯಾಕ್ರಿ? ಕಾಕಾ ನಿಮ್ಮ ಹೆಸರು ಹಿಡದು ಮಾತಾಡೂಹಂಗ ಮಾಡೀನಿ. ದಿನಾ ಕೇಳ್ಕೊಂತ ಇರ್ರಿ” ಎಂದು ಮೊಬೈಲು ಒತ್ತಿದ.

“ಗುರುಲಿಂಗಮ್ಮಾ, ಊಟ ಆತೇನು?” ಎಂದಿತು ಕಲ್ಯಾಣಪ್ಪನ ದನಿ.

ಆ ಕಾಲದ ಗಂಡಂದಿರಂತೆ ಕಲ್ಯಾಣಪ್ಪ ಹೆಂಡತಿಯ ಹೆಸರು ಹಿಡಿದು ಕರೆದವನಲ್ಲ. ಮದುವೆಯಲ್ಲಿ ಹೆಂಗಸರು ಪ್ರಾಸದ ಒಡಪು ಹಾಕಿ ಹೆಂಡತಿಯ ಹೆಸರು ಹೇಳು ಎಂದು ಕಾಡಿದಾಗ ಬೆವೆತು, ತಡವರಿಸಿ, ನೆಲ ನೋಡುತ್ತ ಹೇಳಿದ್ದೇ ಮೊದಲು, ಅದೇ ಕೊನೆ. ಆಮೇಲೆ ಬರೀ ‘ಇಲ್ಲಿ ಕೇಳ’. ಊರವರ ಹೆಸರನ್ನೆಲ್ಲ ಕೂಗುವ ಬಾಯಿ ತನ್ನ ಹೆಸರನ್ನೂ ಒಮ್ಮೆ ಕರೆಯಲಿ ಎಂದು ಆಕೆ ಎಷ್ಟು ಹಂಬಲಿಸಿದ್ದಳೋ! ಈಗ ಕರೆದಿತ್ತು, ಚಾದರ ಮಾರುವಷ್ಟೇ ಸಲೀಸಾಗಿ. ಅದರಲ್ಲಿ ನಾಚಿಕೆಯೇ ಇರಲಿಲ್ಲ.

“ಬಂದ್ ಮಾಡಪಾ ಅದನ್ನ. ಅವ್ರಲ್ಲ ಇದು” ಎಂದಳು. ಅವನು ಮೆಟ್ಟಿಲಿಳಿಯುವ ಮೊದಲೇ ಪ್ರಣಿತಾಳಿಗೆ ಹೂಂ ಅಂದಳು.

ನೋಟಿಸು ಹೋಯಿತು. ಶೈಲೇಶ ಹೆದರಿ ದನಿಯನ್ನು ಅಳಿಸಿಹಾಕಿದ. ಮುಂದಿನ ಸಂತೆಗೆ ಬಂದ ರಿಕ್ಷಾದಲ್ಲಿ ಯಾರೋ ಬೇರೆಯವರು ಒದರುತ್ತಿದ್ದರು. ಸುದ್ದಿ ತಿಳಿಸಲು ಬಂದಿದ್ದ ಪ್ರಣಿತಾ, “ಗೆದ್ದಿವಿ ನೋಡತ್ತಿ” ಎಂದು ನಕ್ಕಳು.

“ಛಲೋ ಮಾಡಿದಿ ತಂಗಿ” ಎಂದಳು ಗುರುಲಿಂಗಮ್ಮ. ಹಿಟ್ಟಿನ ಕೈ ಹಾಗೇ ಹಿಡಿದುಕೊಂಡು ಗೋಡೆಗೊರಗಿ ಕುಳಿತಳು. “ಮಂದಿ ಲೆಕ್ಕದಾಗ ನಿಮ್ಮ ಮಾವ ಹೋಗಿ ಎರಡು ವರ್ಷ ಆತು. ನನ್ನ ಪಾಲಿಗೆ ಇವತ್ತ ಹೋದ್ರು.”