ಸಣ್ಣ ಸಿನಿಮಾಗಳ ಸಾಬಮ್ಮ

ಹೈದರಾಬಾದಿನ ನಾರಾಯಣಗೂಡದ ಪಾರ್ಕಿನ ಗೇಟು ಇನ್ನೂ ಅರ್ಧವಷ್ಟೇ ತೆರೆದಿದೆ. ಒಳಗಿನ ದೀಪಗಳು ಆರಿಲ್ಲ. ಸೀರೆಯ ಕೆಳಗೆ ಕ್ಯಾನ್ವಾಸ್ ಷೂ ಹಾಕಿಕೊಂಡ ಹೆಂಗಸರು ಇಬ್ಬಿಬ್ಬರಾಗಿ ವಾಕಿಂಗಿಗೆ ಬರುತ್ತಿದ್ದಾರೆ. ಗೇಟಿನ ಎದುರಿನ ಚಹಾದಂಗಡಿಯ ಪಕ್ಕ ಸಾಬಮ್ಮ ನಿಂತಿದ್ದಾರೆ. ಹೆಗಲಲ್ಲಿ ಬಟ್ಟೆಯ ಚೀಲ, ಚೀಲದ ತುಂಬ ಸಿನಿಮಾದ ಕರಪತ್ರಗಳು. ಆದರೆ ಕೈ ಇನ್ನೂ ಚೀಲದೊಳಕ್ಕೆ ಹೋಗಿಲ್ಲ.

"ಒಳಗ ಹೋಗೋರ್ನ ತಡೀಬಾರ್ದ್ರಿ," ಎನ್ನುತ್ತಾರೆ ಅವರು. "ಅವ್ರಿಗೆ ನಡಿಯೋ ಅವಸರ ಇರ್ತೈತಿ. ಕಾಗದ ಇಸ್ಕೊಂತಾರ, ಮುದ್ದಿ ಮಾಡಿ ಒಗೀತಾರ. ಹೊರಗ ಬಂದು ಬೆವರು ಒರಸ್ಕೊಂತ ಚಾ ಕುಡೀತಿರ್ತಾರ ನೋಡ್ರಿ, ಆಗ ಮಾತಾಡಿದ್ರ ಕಿವ್ಯಾಗ ಇಳೀತೈತಿ."

ಬೆಳಕು ಹರಿಯುವ ಹೊತ್ತಿಗೆ ಮೂವರು ಹೆಂಗಸರು ಹೊರಗೆ ಬರುತ್ತಾರೆ. ಕನ್ನಡದ ಸದ್ದು ಕೇಳಿದ್ದೇ ಸಾಬಮ್ಮ ಹತ್ತಿರ ಸರಿಯುತ್ತಾರೆ. ಊರು ಯಾವುದು, ಮೊಣಕಾಲು ನೋವು ಹೇಗಿದೆ ಎಂದು ಶುರುವಾದ ಮಾತು ಮೆಲ್ಲಗೆ ಭಾನುವಾರದ ಆಟದ ಕಡೆ ಹೊರಳುತ್ತದೆ. ಈ ಸಲದ್ದು ಒಂದೇ ಗೋಡೆಯ ಆಚೆ ಈಚೆ ಬದುಕುವ ಇಬ್ಬರು ವಾರಗಿತ್ತಿಯರ ಸಿನಿಮಾ.

"ಹೀರೋ ಯಾರದಾನ್ರಿ?" ಎಂದು ಒಬ್ಬರು ಕೇಳುತ್ತಾರೆ.

"ಹೀರೋ ಇಲ್ರಿ ಅಕ್ಕಾರ. ಇಬ್ರು ನೆಗೆಣ್ಣಿ ಅದಾರ."

"ಜಗಳಾಡ್ತಾರೇನು?"

"ನಿಮ್ಮ ಮನ್ಯಾಗ, ನಮ್ಮ ಮನ್ಯಾಗ ಆಡಿದ್ಹಂಗ."

ಮೂವರೂ ನಗುತ್ತಾರೆ. ಕರಪತ್ರ ಈಗ ಹೊರಗೆ ಬರುತ್ತದೆ. ಒಬ್ಬರು ಅದನ್ನು ಮಡಿಚಿ ಕುಪ್ಪಸದೊಳಗೆ ಸೇರಿಸಿಕೊಳ್ಳುತ್ತಾರೆ. ಅಲ್ಲಿಗೆ ಹೋದ ಕಾಗದ ಮನೆ ಮುಟ್ಟುತ್ತದೆ ಎನ್ನುವುದು ಸಾಬಮ್ಮನ ನಂಬಿಕೆ.

ಕಡಿಮೆ ದುಡ್ಡಿನಲ್ಲಿ, ಹೆಸರಾಂತ ನಟರಿಲ್ಲದೆ ಮಾಡಿದ ಸಿನಿಮಾಗಳಿಗೆ ಹೈದರಾಬಾದಿನಲ್ಲಿ ಪ್ರೇಕ್ಷಕರನ್ನು ಹುಡುಕಿ ತರುವುದು ಸಾಬಮ್ಮನ ಕೆಲಸ. ಈ ಕೆಲಸಕ್ಕೆ ಇನ್ನೂ ಒಂದು ಹೆಸರಿಲ್ಲ. ಸಿನಿಮಾ ಮಾಡಿದ ಹುಡುಗ ಹುಡುಗಿಯರು ಅವರನ್ನು ಅಕ್ಕ ಎನ್ನುತ್ತಾರೆ. ಯಾದಗಿರಿ ಕಡೆಯ ಹಳ್ಳಿಯಿಂದ ಮದುವೆಯಾಗಿ ಕಾಚಿಗೂಡಕ್ಕೆ ಬಂದ ಸಾಬಮ್ಮನಿಗೆ ಸಿನಿಮಾದ ನಂಟು ತಂದವರು ಗಂಡ ಅಂಬಾದಾಸ. ಅವರು ಹಳೆಯ ಟಾಕೀಸೊಂದರಲ್ಲಿ ಪ್ರೊಜೆಕ್ಟರ್ ನಡೆಸುತ್ತಿದ್ದರು. ಅದೇ ಟಾಕೀಸಿನ ಹೆಂಗಸರ ಟಿಕೆಟ್ ಕಿಟಕಿಯಲ್ಲಿ ಸಾಬಮ್ಮನಿಗೂ ಕೆಲಸ ಸಿಕ್ಕಿತು. ತೆಲುಗು, ಹಿಂದಿ, ದಖನಿ ಉರ್ದು ಎಲ್ಲವೂ ಆ ಕಿಟಕಿಯಲ್ಲೇ ನಾಲಿಗೆಗೆ ಬಂದವು.

ಟಾಕೀಸು ಮುಚ್ಚಿ ಫಂಕ್ಷನ್ ಹಾಲ್ ಆದಾಗ ಇಬ್ಬರ ಕೆಲಸವೂ ಒಟ್ಟಿಗೇ ಹೋಯಿತು. ಅಂಬಾದಾಸ ಸ್ನೇಹಿತನ ಜೆರಾಕ್ಸ್ ಅಂಗಡಿ ಸೇರಿದರು. ಸಾಬಮ್ಮ ಹಿಮಾಯತ್‌ನಗರದಿಂದಾಚೆಯ ಒಂದು ಮಾಲ್‌ನಲ್ಲಿ, ಗುತ್ತಿಗೆದಾರನೊಬ್ಬನ ಕೈಕೆಳಗೆ, ಮಲ್ಟಿಪ್ಲೆಕ್ಸ್ ಗುಡಿಸುವ ಕೆಲಸಕ್ಕೆ ನಿಂತರು. ಆಟ ಮುಗಿದ ಮೇಲೆ ಒಳಗೆ ಹೋಗುವುದು, ಸೀಟಿನಡಿಯ ಪಾಪ್‌ಕಾರ್ನ್ ಬಳಿಯುವುದು, ಮುಂದಿನ ಆಟಕ್ಕೆ ಮೊದಲು ಹೊರಗೆ ಬರುವುದು. ಸಿನಿಮಾ ಎದುರಿಗೇ ಇದ್ದರೂ ನೋಡುವ ಹಾಗಿರಲಿಲ್ಲ.

ಒಂದು ಶುಕ್ರವಾರ ಬೆಳಗಿನ ಆಟದ ಹೊತ್ತಿಗೆ ಅವರು ಬಾಗಿಲ ಬಳಿ ಕಸಬರಿಗೆ ಹಿಡಿದು ಕಾಯುತ್ತಿದ್ದರು. ಒಳಗಿನಿಂದ ಯಾರೋ ಮುದುಕಿ, "ಸೂಜ್ಯಾಗ ದಾರ ಪೋಣಿಸಿ ಕೊಡವ್ವ, ಕಣ್ಣು ಕಾಣವಲ್ದು," ಎಂದದ್ದು ಕೇಳಿಸಿತು.

"ನಮ್ಮ ಅವ್ವನ ಮಾತು ಕೇಳಿದ್ಹಂಗ ಆತ್ರಿ. ಈ ಊರಾಗ, ಆ ಎಸಿ ಹಾಲಿನಾಗ, ನಮ್ಮ ಕಡೀ ಮಾತು. ಕಾಲು ತಾವ ಒಳಗ ಹ್ವಾದವು."

ಹಿಂದಿನ ಸಾಲಿನ ತುದಿಯ ಸೀಟಿನಲ್ಲಿ ಕೂತ ಸಾಬಮ್ಮ ಏಳಲಿಲ್ಲ. ಕಾಚಿಗೂಡದ ಒಂದು ಓಣಿಯಲ್ಲಿ ಹೊಲಿಗೆ ಯಂತ್ರದ ಮೇಲೆ ಸಂಸಾರ ಎಳೆದ ಹೆಂಗಸಿನ ಕಥೆ ಅದು. ಹೆಸರು 'ನೀಲಿ ಗುಂಡಿ'. ದೀಪ ಹತ್ತಿದಾಗ ನೋಡಿದರೆ ಹಾಲಿನಲ್ಲಿದ್ದವರು ಬೆರಳೆಣಿಕೆಯ ಜನ. ಅವರಲ್ಲೂ ಹೆಚ್ಚಿನವರು ಸಿನಿಮಾ ಮಾಡಿದ ತಂಡದವರೇ. ನಿರ್ದೇಶಕಿ ಶ್ರೀಲಕ್ಷ್ಮಿ ಹೊರಗಿನ ಸೋಫಾದಲ್ಲಿ ಒಬ್ಬರೇ ಕೂತಿದ್ದರು.

ಶ್ರೀಲಕ್ಷ್ಮಿಯ ತಂದೆ ತಿಪ್ಪೇಸ್ವಾಮಿ ಚಿತ್ರದುರ್ಗದ ಕಡೆಯವರು. ರಕ್ಷಣಾ ಇಲಾಖೆಯ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು. ಮಗಳು ನಾಲ್ಕಾರು ವರ್ಷ ಜಾಹೀರಾತು ಕಂಪನಿಯಲ್ಲಿ ದುಡಿದು, ಗೆಳೆಯರನ್ನು ಕೂಡಿಸಿಕೊಂಡು ಈ ಸಿನಿಮಾ ಮಾಡಿದ್ದರು. ಮಾಡುವುದು ಹೇಗೋ ಮುಗಿಯಿತು, ಮಾರುವುದೇ ಕಷ್ಟವಾಯಿತು. ಬೆಂಗಳೂರಿನ ವಿತರಕರು ಹೈದರಾಬಾದಿನ ಕಥೆ ಇಲ್ಲಿ ಯಾರಿಗೆ ಬೇಕು ಎಂದರು. ಹೈದರಾಬಾದಿನವರು ಕನ್ನಡ ಸಿನಿಮಾ ಇಲ್ಲಿ ಯಾರಿಗೆ ಬೇಕು ಎಂದರು. ಒಟಿಟಿ ಕಂಪನಿಗಳು ಮೊದಲು ಥಿಯೇಟರಿನಲ್ಲಿ ಓಡಿಸಿ ಬನ್ನಿ ಎಂದವು. ಕಾಡಿ ಬೇಡಿ ಸಿಕ್ಕಿದ್ದು ದಿನಕ್ಕೆ ಒಂದೇ ಆಟ, ಅದೂ ಬೆಳಿಗ್ಗೆ ಹನ್ನೊಂದಕ್ಕೆ. ಭಾನುವಾರ ಜನ ಬರದಿದ್ದರೆ ಸೋಮವಾರದಿಂದ ಆ ಜಾಗ ದೊಡ್ಡ ಸಿನಿಮಾಕ್ಕೆ ಹೋಗುತ್ತದೆ ಎಂದು ಮ್ಯಾನೇಜರ್ ನಿಶಾಂತ ಆಗಷ್ಟೇ ಹೇಳಿ ಹೋಗಿದ್ದರು.

"ಯೂನಿಫಾರ್ಮಿನಲ್ಲಿದ್ದ ಹೆಂಗಸು ಬಂದು ಪಕ್ಕದಲ್ಲಿ ನಿಂತರು," ಎಂದು ಶ್ರೀಲಕ್ಷ್ಮಿ ನೆನೆಯುತ್ತಾರೆ. "ಸಿನಿಮಾ ಛಲೋ ಐತ್ರಿ ಮೇಡಂ, ಆದ್ರ ಮಂದಿಗೆ ಗೊತ್ತೇ ಇಲ್ಲಲ್ಲ ಅಂದ್ರು. ಅವತ್ತು ಬೆಳಿಗ್ಗೆಯಿಂದ ನನ್ನ ಹತ್ತಿರ ಸಿನಿಮಾದ ಬಗ್ಗೆ ಮಾತಾಡಿದ ಮೊದಲನೇ ಮನುಷ್ಯರು ಅವರು. ಉಳಿದವರೆಲ್ಲ ಕಲೆಕ್ಷನ್ ಬಗ್ಗೆ ಮಾತಾಡಿದ್ರು."

ಶನಿವಾರ ಸಾಬಮ್ಮ ರಜೆ ಹಾಕಿದರು. ಇಬ್ಬರೂ ನಸುಕಿನಲ್ಲೇ ಇದೇ ಪಾರ್ಕಿನ ಎದುರು ಬಂದು ನಿಂತರು. ಶ್ರೀಲಕ್ಷ್ಮಿ ತಂದ ಪೋಸ್ಟರಿನಲ್ಲಿ ಕಪ್ಪು ಹಿನ್ನೆಲೆ, ನಡುವೆ ಕೆಂಪಗೆ ಹೊಳೆಯುವ ಕತ್ತರಿ. ಸ್ವಲ್ಪ ಕ್ರೈಮಿನ ವಾಸನೆ ಇದ್ದರೆ ಜನ ಬರುತ್ತಾರೆ ಎಂದು ಪ್ರಚಾರದವರೊಬ್ಬರು ಮಾಡಿಸಿದ್ದು ಅದು. ಹೆಂಗಸರು ಅದನ್ನು ನೋಡಿ ಹಿಂದೆ ಸರಿದರು.

"ಕೊಲಿ ಸಿನಿಮಾ ಏನ್ರಿ?" ಎಂದರು ಒಬ್ಬರು. "ಗುಂಡ್ಯಾಗ ಹೆಣ ಹುಗೀತಾರೇನು?" ಎಂದರು ಇನ್ನೊಬ್ಬರು.

ಶ್ರೀಲಕ್ಷ್ಮಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ. ಗುಂಡಿ ಎಂದರೆ ಅಂಗಿಯ ಗುಂಡಿ ಎಂದು ಒಬ್ಬೊಬ್ಬರಿಗೂ ಬಿಡಿಸಿ ಹೇಳುವುದಾಯಿತು. ಮಧ್ಯಾಹ್ನದ ಹೊತ್ತಿಗೆ ಅವರು ಫೋನಿನಲ್ಲೇ ಹೊಸ ಕರಪತ್ರ ಮಾಡಿದರು. ಹೊಲಿಗೆ ಯಂತ್ರದ ಮುಂದೆ ಕೂತು ನಗುವ ಹೆಂಗಸು, ಅವಳ ಹಲ್ಲಿನ ನಡುವೆ ದಾರ. ಅಂಬಾದಾಸರ ಜೆರಾಕ್ಸ್ ಅಂಗಡಿಯಲ್ಲಿ ಕಪ್ಪು ಬಿಳುಪಿನಲ್ಲಿ ಪ್ರತಿಗಳು ಬಂದವು. "ಟಾಕೀಸು ಮುಚ್ಚಿದರೂ ನಿನಗ ಸಿನಿಮಾದ ಹುಚ್ಚು ಬಿಡಲಿಲ್ಲಲ್ಲ," ಎನ್ನುತ್ತಲೇ ಅಂಬಾದಾಸ ಕಾಗದದ ಕಟ್ಟು ಕಟ್ಟಿಕೊಟ್ಟರು.

ಸಂಜೆ ತಿಪ್ಪೇಸ್ವಾಮಿಯವರ ಹಳೆಯ ಕಾಲೊನಿಯ ಕನ್ನಡ ಸಂಘಕ್ಕೆ ಹೋದರು. ಕಾರ್ಯದರ್ಶಿ ವಾಸುದೇವ ಚಹಾ ತರಿಸಿದರು, ನಮ್ಮ ಕಾಲೊನಿಯ ಹುಡುಗಿ ಎಂದು ಹೆಮ್ಮೆಪಟ್ಟರು. ಕೊನೆಗೆ, "ನಮ್ಮ ಹುಡುಗಿ ಸಿನಿಮಾಕ್ಕ ನಾವು ಟಿಕೆಟ್ ತಗೋಬೇಕೇನು? ಒಂದಿಷ್ಟು ಪಾಸ್ ಕೊಡ್ರಿ, ಮಂದಿ ಕರ್ಕೊಂಡು ಬರ್ತೀನಿ," ಎಂದರು. ಶ್ರೀಲಕ್ಷ್ಮಿ ಇನ್ನೇನು ತಲೆಯಾಡಿಸಬೇಕು, ಅಷ್ಟರಲ್ಲಿ ಸಾಬಮ್ಮ ಬಾಯಿ ಹಾಕಿದರು.

"ಆಕೀ ಮದಿವಿ ಆಗಿದ್ರ ಮುಯ್ಯಿ ಮಾಡ್ತಿದ್ರಿಲ್ಲೋ ಸಾಹೇಬ್ರ? ಇದೂ ನಿಮ್ಮ ಹುಡುಗಿ ಕಾರ್ಯನ ಅಂತ ತಿಳ್ಕೊಂಡು ಬರ್ರಿ."

ವಾಸುದೇವ ಜೋರಾಗಿ ನಕ್ಕು, ಫೋನು ತೆಗೆದು ಸಂಘದ ವಾಟ್ಸ್‌ಆ್ಯಪ್ ಗುಂಪಿಗೆ ತಾವೇ ಮಾತಾಡಿ ಕಳಿಸಿದರು. ಆದರೆ ಭಾನುವಾರ ಹನ್ನೊಂದು ಗಂಟೆ ಎಂದರೆ ಅಡುಗೆ ಹೊತ್ತು ಎಂದು ಸಂಘದ ಹೆಂಗಸರು ತಕರಾರು ತೆಗೆದರು. "ಮಾಡಿಟ್ಟ ಕಟಕ ರೊಟ್ಟಿ ಅದಾವಲ್ರಿ ಮನ್ಯಾಗ. ಶೇಂಗಾ ಚಟ್ನಿ ಐತಿ, ಮೊಸರೈತಿ. ಒಂದಿನ ಗಂಡಸ್ರು ತಾವ ಹಚ್ಕೊಂಡು ತಿನ್ಲಿ," ಎಂದರು ಸಾಬಮ್ಮ. ಆ್ಯಪ್‌ನಲ್ಲಿ ಟಿಕೆಟ್ ತೆಗೆಯಲು ಬಾರದವರಿಗೆ ಶ್ರೀಲಕ್ಷ್ಮಿ ಅಲ್ಲೇ ಕಟ್ಟೆಯ ಮೇಲೆ ಕೂತು ತೆಗೆದುಕೊಟ್ಟರು.

ಭಾನುವಾರ ಆಟದ ಹೊತ್ತು ಹತ್ತಿರವಾದರೂ ಮಲ್ಟಿಪ್ಲೆಕ್ಸಿನ ಮುಂದೆ ಯಾರೂ ಇಲ್ಲ. ಶ್ರೀಲಕ್ಷ್ಮಿಯ ಮುಖ ಬಾಡಿತ್ತು. ಸಾಬಮ್ಮ ಡ್ಯೂಟಿಯಲ್ಲಿದ್ದರು, ಕೈಯಲ್ಲಿ ಒರೆಸುವ ಕೋಲು. ಟಿಕೆಟ್ ತೆಗೆದ ಮಂದಿ ಎಲ್ಲಿ ಹೋದರು ಎಂದು ಅಂಚಿನ ಕಂಬಿಯ ಮೇಲಿಂದ ಬಗ್ಗಿ ನೋಡಿದರೆ, ಕೆಳಗಿನ ಅಂತಸ್ತಿನಲ್ಲಿ ಎಸ್ಕಲೇಟರಿನ ಬುಡದಲ್ಲಿ ಹೆಂಗಸರ ದೊಡ್ಡ ಗುಂಪು. ಹರಿಯುವ ಮೆಟ್ಟಿಲಿನ ಮೇಲೆ ಕಾಲಿಡಲು ಮುಂದಿದ್ದ ಹಿರಿಯರಿಗೆ ಭಯ. ಅವರನ್ನು ಬಿಟ್ಟು ಬರಲು ಹಿಂದಿದ್ದವರಿಗೆ ಮನಸ್ಸಿಲ್ಲ. ಲಿಫ್ಟಿನ ಮುಂದೆ ಉದ್ದ ಸಾಲು.

ಸಾಬಮ್ಮ ಕೋಲನ್ನು ಗೋಡೆಗೆ ಒರಗಿಸಿ ಕೆಳಗೆ ಇಳಿದರು. ಡ್ಯೂಟಿ ಬಿಟ್ಟು ಹೋದರೆ ಏನಾಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಸಾಮಾನು ಸಾಗಿಸುವ ಲಿಫ್ಟಿನ ಬಾಗಿಲು ತೆಗೆಸಿ, ಹಿರಿಯರನ್ನು ಕೈಹಿಡಿದು ಹತ್ತಿಸಿದರು. ಒಂದು ಸುತ್ತು ಮೇಲೆ ಬಿಟ್ಟು ಮತ್ತೆ ಇಳಿದರು. ಎರಡನೇ ಸುತ್ತಿಗೆ ಮೇಲೆ ಬಂದಾಗ ಬಾಗಿಲಲ್ಲಿ ಮ್ಯಾನೇಜರ್ ನಿಶಾಂತ ನಿಂತಿದ್ದರು.

"ಅವ್ರು ನನ್ನ ನೋಡಿದ್ರು, ಆ ಮುದುಕ್ಯಾರನ್ನ ನೋಡಿದ್ರು. ಇನ್ನಾ ಎಷ್ಟು ಮಂದಿ ಅದಾರ ಅಂತ ಕೇಳಿದ್ರು. ಭಾಳ ಮಂದಿ ಅದಾರ್ರಿ ಅಂದೆ. ವೈರ್‌ಲೆಸ್ಸಿನ್ಯಾಗ ಏನೋ ಹೇಳಿ, ಲಿಫ್ಟಿನ ಬಾಗಿಲ ತಾವ ಹಿಡ್ಕೊಂಡು ನಿಂತ್ರು."

ಆಟ ಸ್ವಲ್ಪ ತಡವಾಗಿ ಶುರುವಾಯಿತು. ಮುಂದಿನ ಸಾಲುಗಳು ಖಾಲಿ ಇದ್ದವು. ಆದರೆ ಹಿಂದೆ ನಡುವೆ ಎಲ್ಲ ತುಂಬಿ, ಹಾಲಿನಲ್ಲಿ ಮನೆಯ ಸದ್ದು ಎದ್ದಿತು. ಸೂಜಿಗೆ ದಾರ ಪೋಣಿಸುವ ದೃಶ್ಯಕ್ಕೆ ಯಾರೋ, "ನನಗೂ ಹಂಗ ಆಗೇತಿ ಯವ್ವಾ," ಎಂದರು. ಶ್ರೀಲಕ್ಷ್ಮಿ ಕತ್ತಲಲ್ಲಿ ಗೋಡೆಗೆ ಒರಗಿ ನಿಂತು ಪರದೆಯನ್ನು ಬಿಟ್ಟು ಜನರನ್ನೇ ನೋಡಿದರು. 'ನೀಲಿ ಗುಂಡಿ'ಗೆ ಇನ್ನೊಂದು ವಾರ ಸಿಕ್ಕಿತು, ಅದೂ ಮಧ್ಯಾಹ್ನದ ಆಟ.

ಸಾಬಮ್ಮನ ಕೆಲಸ ಮಾತ್ರ ಉಳಿಯಲಿಲ್ಲ. ನಿಶಾಂತ ಹೇಳಿ ನೋಡಿದರೂ ಗುತ್ತಿಗೆದಾರ ಕೇಳಲಿಲ್ಲ. ಕೆಲವು ವಾರ ಮನೆಯಲ್ಲಿ ಒಲೆ ಹತ್ತಿಸುವಾಗಲೆಲ್ಲ ಅದೇ ಚಿಂತೆ. ಅಂಬಾದಾಸ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತ್ತು ಸಾಬಮ್ಮನಿಗೆ. ಆಮೇಲೆ ಒಂದು ಸಂಜೆ ಶ್ರೀಲಕ್ಷ್ಮಿ ಇಬ್ಬರು ತೆಲುಗು ಹುಡುಗರನ್ನು ಕರೆದುಕೊಂಡು ಬಂದರು. ಅವರದೂ ಒಂದು ಸಣ್ಣ ಸಿನಿಮಾ, ಅವರಿಗೂ ಸಿಕ್ಕಿದ್ದು ಬೆಳಗಿನ ಆಟ. ಸಾಬಮ್ಮನಿಗೆ ಕೂಲಿ ಗೊತ್ತುಮಾಡಿ, ಮುಂಗಡವನ್ನೂ ಕೈಯಲ್ಲಿಟ್ಟರು. ಅಲ್ಲಿಂದ ಕೆಲಸ ಒಂದರ ಹಿಂದೆ ಒಂದು ಬರುತ್ತಿದೆ. ಈಗ ಕನ್ನಡವೂ ಉಂಟು, ತೆಲುಗೂ ಉಂಟು, ಒಂದು ಸಲ ದಖನಿಯದೂ ಬಂದಿತ್ತು.

ಎಲ್ಲ ಸಲವೂ ಗೆದ್ದಿದ್ದೇನಿಲ್ಲ. ಶಂಶಾಬಾದಿನಲ್ಲಿ ವಿಮಾನ ನಿಲ್ದಾಣದ ನೌಕರರು ಹೆಚ್ಚಿರುವ ಅಪಾರ್ಟ್‌ಮೆಂಟಿನ ಹಾಲ್ ಹಿಡಿದು, ಪರದೆ ಕಟ್ಟಿ 'ನೀಲಿ ಗುಂಡಿ' ತೋರಿಸಲು ಹೋದರು. ಅದು ಸಾಬಮ್ಮನದೇ ಯೋಚನೆ. ರಾತ್ರಿ ಪಾಳಿ ಮುಗಿಸಿ ಬಂದ ಮಂದಿ ಹಗಲು ಮಲಗುತ್ತಾರೆ ಎಂಬುದು ಯಾರ ತಲೆಗೂ ಹೊಳೆದಿರಲಿಲ್ಲ. ಬಂದವರು ಕಾವಲಿನ ಇಬ್ಬರು, ಇಸ್ತ್ರಿ ಮಾಡುವ ಒಬ್ಬ ಹೆಂಗಸು. ನಿಲ್ಲಿಸಿಬಿಡೋಣವೇ ಎಂದು ಶ್ರೀಲಕ್ಷ್ಮಿ ಕೇಳಿದರು.

"ಬ್ಯಾಡ ತಂಗಿ, ಕೂತೋರಿಗೆ ಪೂರಾ ತೋರ್ಸು ಅಂದೆ. ಆ ಇಸ್ತ್ರಿಯಾಕಿ ಕಡೀತನಕ ಎದ್ದಿಲ್ರಿ. ಕನ್ನಡ ಬರಂಗಿಲ್ಲ ಆಕಿಗೆ. ಹೋಗೋ ಮುಂದ ನನ್ನ ಕೈ ಹಿಡ್ಕೊಂಡ್ಲು, ಅಷ್ಟ."

'ನೀಲಿ ಗುಂಡಿ'ಯನ್ನು ಕೊನೆಗೆ ಒಂದು ಸಣ್ಣ ಒಟಿಟಿ ಕಂಪನಿ ಕೊಂಡಿತು. ಹಾಕಿದ್ದೆಲ್ಲ ತಿರುಗಿ ಬಂದಿಲ್ಲ. ಆದರೂ ಶ್ರೀಲಕ್ಷ್ಮಿ ಎರಡನೇ ಸಿನಿಮಾ ಬರೆಯುತ್ತಿದ್ದಾರೆ. ಹೆಸರು ಇಡುವ ಮೊದಲು ಸಾಬಮ್ಮನಿಗೆ ಹೇಳಿ ನೋಡುತ್ತಾರಂತೆ.

ಪಾರ್ಕಿನ ಮುಂದೆ ಬಿಸಿಲು ಏರುತ್ತಿದೆ. ಚೀಲದಲ್ಲಿ ಇನ್ನೂ ಒಂದಿಷ್ಟು ಕರಪತ್ರ ಉಳಿದಿವೆ. ಇಲ್ಲಿಂದ ಹಿಮಾಯತ್‌ನಗರದ ಬಟ್ಟೆ ಅಂಗಡಿಗಳು, ಅಲ್ಲಿಂದ ರೊಟ್ಟಿ ಕೇಂದ್ರದ ಹೆಂಗಸರು, ಸಂಜೆ ಸಂಘ. ನಿಮಗೇನು ಆಸೆ ಎಂದು ಕೇಳಿದರೆ ಸಾಬಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ತುಸು ಯೋಚಿಸುತ್ತಾರೆ.

"ಈಗ ನಾ ಮಂದೀ ಹಿಂದ ಹೋಗಾಕತ್ತೀನಿ. ಮುಂದೊಂದಿನ ಮಂದಿ ತಾವ ನನ್ನ ಹಿಡಿದು ಕೇಳ್ಬೇಕ್ರಿ, ಸಾಬಮ್ಮ, ಮುಂದಿಂದು ಯಾವ ಸಿನಿಮಾ ಅಂತ."

ಚೀಲವನ್ನು ಹೆಗಲಿಗೆ ಸರಿಮಾಡಿಕೊಂಡು ಎರಡು ಹೆಜ್ಜೆ ಹೋದವರು ಮತ್ತೆ ತಿರುಗುತ್ತಾರೆ.

"ಮೊನ್ನೆ ಕಾಯಿಪಲ್ಲೆ ಅಂಗಡ್ಯಾಗ ಒಬ್ಬಾಕಿ ಕೇಳ್ಯಾಳ್ರಿ."