ಬೇವಿನ ಗಿಡಕ್ಕೆ ಹೋದ ಸುಣ್ಣ

ಮಸ್ಕಿಯ ಇಸ್ಮಾಯಿಲ್‌ಸಾಬ್ ಗಚ್ಚಿನ ಕೆಲಸದವನು. ಸುಣ್ಣ, ಮರಳು, ಬೆಲ್ಲದ ನೀರು ಸೇರಿಸಿ ಅರೆದು ಗೋಡೆಗೆ ಮೆತ್ತುವ ಕೆಲಸ ಅದು. ಈಗ ಈ ಕಡೆ ಅದನ್ನು ಬಲ್ಲವನು ಅವನೊಬ್ಬನೇ. ನಾನು ಹುಡುಗಿಯಾಗಿದ್ದಾಗ ಅವನ ಅಪ್ಪನ ಕೈಕೆಳಗೆ ಬುಟ್ಟಿ ಹೊತ್ತವಳು, ಹಾಗಾಗಿ ಇವನಿಗೆ ನಾನು ಅಕ್ಕ. ಚಹಾಕ್ಕೆ ನಾಲ್ಕು ಚಮಚ ಸಕ್ಕರೆ ಬೇಕು ಅವನಿಗೆ. ಡಾಕ್ಟರು ಬೇಡ ಅಂದದ್ದಕ್ಕೆ ಡಾಕ್ಟರನ್ನೇ ಬದಲಿಸಿದ. ಇರಲಿ, ಎಲ್ಲಿದ್ದೆ?

ಲಿಂಗಸುಗೂರಿನ ಹಳೇ ಕಚೇರಿ. ನಿಜಾಮರ ಕಾಲದ್ದು. ಅದನ್ನು ಮ್ಯೂಸಿಯಂ ಮಾಡಲು ಹೊರಟರು. ಗುತ್ತಿಗೆದಾರ ಎಲ್ಲ ಗೋಡೆಗೂ ಸಿಮೆಂಟು ಅಂದ. ಸಿಮೆಂಟು ಬಡಿದರೆ ಒಳಗಿನ ತೇವ ಹೊರಗೆ ಬರುವುದಿಲ್ಲ, ಗೋಡೆ ಅಲ್ಲೇ ಕೊಳೆಯುತ್ತದೆ ಎಂದು ಇಸ್ಮಾಯಿಲ್‌ಸಾಬ್ ಹನ್ನೊಂದು ಸಲ ಬಸ್ಸು ಹತ್ತಿ ಹೋಗಿ ಎಂಜಿನಿಯರಿಗೆ ಹೇಳಿದ. ಕೊನೆಗೆ ನಡುವಿನ ದೊಡ್ಡ ಕೋಣೆಯೊಂದನ್ನು ಅವನಿಗೆ ಬಿಟ್ಟರು. ಅವನಿಗೆ ಅಷ್ಟೇ ಸಾಕಿತ್ತು. ಆ ಕೋಣೆಯ ಗಚ್ಚು ಅವನ ಅಪ್ಪನದು. ಬಾಗಿಲ ಮೇಲ್ಗಡೆಯ ಗಚ್ಚಿನಲ್ಲಿ ಅಪ್ಪನ ಬೆರಳಿನ ಗುರುತು ಇನ್ನೂ ಇದೆ.

ಕಚೇರಿಯ ಹಿತ್ತಲಲ್ಲಿ ಗುಂಡಿ ತೋಡಿ ಸುಣ್ಣ ನೆನೆಹಾಕಿದ. ನಾಲ್ಕು ತಿಂಗಳು ನೀರಲ್ಲಿ ಕೂತರೆ ಅದು ಬೆಣ್ಣೆಯಂತಾಗುತ್ತದೆ. ಅಲ್ಲಿ ಕಾವಲಿಗಿದ್ದವನು ನನ್ನ ಮಗ ಆಂಜನೇಯ. ಗುಂಡಿಗೆ ದಿನಾ ನೀರು ಹಾಕುತ್ತಿದ್ದ, ಸುಳ್ಳು ಹೇಳಬಾರದು. ಅವನಿಗೆ ಚೊಕ್ಕಟದ ಹುಚ್ಚು. ಸಣ್ಣವನಿದ್ದಾಗ ಎಮ್ಮೆಗೂ ಪೌಡರ್ ಹಚ್ಚಿದ್ದ.

ಸುಣ್ಣ ಅರೆಯಲು ಶುರು ಮಾಡುವ ದಿನ ನಾನೂ ಜೊತೆಗೆ ಹೋದೆ. ನೋಡಿದರೆ ಗುಂಡಿ ಬರಿದಾಗಿತ್ತು.

"ಸುಣ್ಣ ಎಲ್ಲಿ ಹೋತಲೇ ಆಂಜನೇಯ?"

"ಸಾಹೇಬ್ರು ನೋಡಾಕ ಬರ್ತಾರಂದ್ರು, ಚಾಚಾ. ದಾರ್‍ಯಾಗಿನ ಬೇವಿನ ಗಿಡಕ್ಕ, ಕಲ್ಲಿಗೆ ಎಲ್ಲಾ ಬಳದೀನ್ರಿ. ಚೆಂದ ಕಾಣಾಕತ್ತಾವಲ್ರಿ?"

ಸಾಹೇಬರು ಬರಲೂ ಇಲ್ಲ.

ಇಸ್ಮಾಯಿಲ್‌ಸಾಬ್ ಬೈಯಲಿಲ್ಲ, ಬೈದದ್ದು ನಾನು. ಅವನು ಒಂದು ಬೇವಿನ ಬುಡದಲ್ಲಿ ಕೂತು ಸುಣ್ಣವನ್ನು ಉಗುರಿನಿಂದ ಕೆರೆದು ನೋಡಿದ.

"ಎಷ್ಟು ಚಲೋ ಹದಕ್ಕ ಬಂದಿತ್ತಕ್ಕಾ," ಎಂದ.

ಉದ್ಘಾಟನೆಗೆ ಎರಡೇ ತಿಂಗಳಿತ್ತು. ಮತ್ತೆ ನಾಲ್ಕು ತಿಂಗಳು ಯಾರು ಕಾಯುತ್ತಾರೆ ಎಂದು ಗುತ್ತಿಗೆದಾರ ಆ ಕೋಣೆಗೂ ಸಿಮೆಂಟು ತರಿಸಿದ. ಇಸ್ಮಾಯಿಲ್‌ಸಾಬ್ ಬಾಗಿಲಿಗೆ ಅಡ್ಡ ನಿಂತು ಜಗಳ ಮಾಡಿ, ಅಪ್ಪನ ಬೆರಳಿನ ಗುರುತಿರುವ ಮೊಳದಷ್ಟು ಜಾಗವನ್ನು ಮಾತ್ರ ಉಳಿಸಿಕೊಂಡ. ಈ ಮಳೆಗೆ ಅದರ ಸುತ್ತಲಿನ ಸಿಮೆಂಟೆಲ್ಲ ತೇವ ಹಿಡಿದು ಕಪ್ಪಾಗಿದೆ. ಹೇಳಿದರೆ ಬಣ್ಣ ಹೊಡೆಸುತ್ತೇವೆ ಅನ್ನುತ್ತಾರೆ. ಇಂಥವರಿಗೆ ಏನು ಹೇಳುವುದು?

ಮೊನ್ನೆ ಮಸ್ಕಿಗೆ ಹೋಗಿದ್ದೆ. ತನ್ನ ಅಂಗಳದಲ್ಲೇ ಹೊಸ ಗುಂಡಿ ತೋಡಿ ಸುಣ್ಣ ನೆನೆಹಾಕಿದ್ದಾನೆ. ಯಾರಿಗೆ ಅಂದೆ.

"ಸಿಮೆಂಟ್ ಉದುರಿದ ಮ್ಯಾಲೆ ಕರೀತಾರಕ್ಕಾ. ಆಗ ನೆನೆಯಾಕ ಇಟ್ರ ತಡ ಆಕ್ಕೈತಿ."

ನಾನೂ ಒಂದು ಕೊಡ ನೀರು ಹಾಕಿ ಬಂದೆ. ಆಂಜನೇಯನನ್ನು ಮಾತ್ರ ಈ ಅಂಗಳಕ್ಕೆ ಬಿಡಬೇಡ ಎಂದು ಹೇಳಿದ್ದೇನೆ.