ಬೀಗ ಹಾಕಿದ ಕೋಣೆಯ ಹಪ್ಪಳ

ನನ್ನ ಅತ್ತೆಯ ಬಲಗೈ ಹೆಬ್ಬೆರಳು ಲಟ್ಟಣಿಗೆ ಹಿಡಿದು ಹಿಡಿದು ಹೊರಕ್ಕೆ ಬಾಗಿಹೋಗಿತ್ತು. ಅದನ್ನು ಗೋಡೆಗೆ ಒತ್ತಿ, ಮಗುವಿನ ಜ್ವರ ನೋಡುವವರ ಹಾಗೆ ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಗೋಡೆ ತೇವ ಕುಡಿದಿದ್ದರೆ ಬೈಗುಳ ಶುರು. ಮಳೆಗೂ ಬೈಗುಳ, ಮಾಲೀಕನಿಗೂ ಬೈಗುಳ.

ಅದು ಮಾಟುಂಗದ ಚಾಳಿನ ಬಾಡಿಗೆ ಕೋಣೆ. ಉಡುಪಿ ಕಡೆಯಿಂದ ಮದುವೆಯಾಗಿ ಬಂದವರು ಅಲ್ಲೇ ಕೂತು ಹೋಟೆಲುಗಳಿಗೆ ಹಪ್ಪಳ ಲಟ್ಟಿಸಿ ಮಗನನ್ನು ಓದಿಸಿದ್ದರು. ಮಾವ ತೀರಿಕೊಂಡ ಮೇಲೆ ನಮ್ಮ ಜೊತೆ ಮುಲುಂಡಿಗೆ ಬಂದರು; ಕೋಣೆಗೆ ಬೀಗ ಬಿತ್ತು. ಚಾಳಿನ ಮಾಲೀಕನಿಗೆ ಬೇಕಾಗಿದ್ದೂ ಅದೇ. ಕೋಣೆ ಬೂಸ್ಟು ಹಿಡಿದು ಕೊಳೆತರೆ, ಇಲ್ಲಿ ಯಾರೂ ಬಾಳುತ್ತಿಲ್ಲವೆಂದು ಕಿತ್ತುಕೊಳ್ಳುವುದು ಸುಲಭ.

“ಬಿಟ್ಟುಕೊಡಮ್ಮಾ, ಆ ಗೂಡು ಯಾರಿಗೆ ಬೇಕು?” ಎಂದರು ನನ್ನ ಗಂಡ.

“ನಿಂಗೆ ಬೇಡ, ನಂಗೆ ಬೇಕು. ಈ ಊರಲ್ಲಿ ನನ್ನದು ಅಂತ ಇರುವುದು ಅದೊಂದೇ.”

ಮಳೆಗಾಲದ ಪ್ರತಿ ಗುರುವಾರ, ನೋಯುವ ಮೊಣಕಾಲನ್ನೂ ಬೈಯುತ್ತ ಲೋಕಲ್ ರೈಲು ಹತ್ತುತ್ತಿದ್ದರು. ಚೀಲ ಹಿಡಿಯಲು ನಾನು. ಹಾಸಿಗೆ, ಟ್ರಂಕು ಎಲ್ಲ ಗೋಡೆಯಿಂದ ಒಂದು ಗೇಣು ದೂರ ಇರಬೇಕು. ಮೂಲೆಯ ಬಟ್ಟಲುಗಳಲ್ಲಿ ನೀರೊಡೆದ ಕಲ್ಲುಪ್ಪು ಚೆಲ್ಲಿ ಹೊಸದು ಹಾಕಬೇಕು. ಕಪಾಟಿನ ತಳದಲ್ಲಿ, ಬಟ್ಟೆಗೆ ತಾಗದ ಹಾಗೆ, ನಲವತ್ತು ವ್ಯಾಟಿನ ಬಲ್ಬು ಹಗಲೂ ರಾತ್ರಿ ಉರಿಯುತ್ತಿರಬೇಕು. ಗಾಳಿಯಾಡಲಿ ಎಂದು ನಾನೊಮ್ಮೆ ಕಿಟಕಿಗೆ ಕೈಹಾಕಿದಾಗ ಕೈಮೇಲೆ ಏಟು ಬಿತ್ತು.

“ಮಳೆ ಹೊಯ್ಯುವಾಗ ಕಿಟಕಿ ತೆಗೆದ್ರೆ ಗಾಳಿ ಅಲ್ಲ ಮಾರಾಯ್ತಿ, ಸಮುದ್ರವೇ ಒಳಗೆ ಬರ್ತದೆ. ಬಿಸಿಲು ಬಿದ್ದ ದಿನ ತೆಗಿ, ಬಿಸಿಲು ಹೋಗುವ ಮೊದಲು ಹಾಕು.”

ಕೊನೆಗೆ ಒಂದು ಹಪ್ಪಳ ಸುಟ್ಟು ಸ್ಟೀಲ್ ತಟ್ಟೆಯಲ್ಲಿ ಕಪಾಟಿನೊಳಗೆ ಇಡುತ್ತಿದ್ದರು. ಮುಂದಿನ ವಾರ ಬಂದವರೇ ಮೊದಲು ಅದನ್ನು ಮುರಿಯುವುದು. ಕಟ್ಟೆಂದು ಮುರಿದರೆ ಕೋಣೆ ಒಣಗಿದೆ ಎಂದರ್ಥ. ಮೆತ್ತಗೆ ಬಾಗಿದರೆ ಸಂಜೆಯವರೆಗೆ ಗೋಡೆ ಒರೆಸಿ ಒರೆಸಿ ನಮಗಿಬ್ಬರಿಗೂ ಸೊಂಟ ನೋವು.

ಒಂದು ಜುಲೈಯಲ್ಲಿ, ನಾವು ಬೀಗ ತೆಗೆಯುತ್ತಿದ್ದಂತೆಯೇ, ಮಾಲೀಕನ ಮ್ಯಾನೇಜರ್ ಇಬ್ಬರನ್ನು ಕರೆದುಕೊಂಡು ಬಾಗಿಲಲ್ಲಿ ನಿಂತ. “ಬಂದ್ ಕಮ್ರಾ ಹೈ ಮೌಸಿ, ಅಂದರ್ ಸಬ್ ಸಡ್ ಗಯಾ ಹೋಗಾ” ಎಂದ. ಒಳಗೆಲ್ಲ ಕೊಳೆತಿರುವುದಕ್ಕೆ ಸಾಕ್ಷಿ ಬೇಕಿತ್ತು ಅವನಿಗೆ. ಅತ್ತೆ ಬಾಗಿಲು ಪೂರ್ತಿ ತೆರೆದರು. ಕಪಾಟಿನಿಂದ ವಾರದ ಹಿಂದಿನ ಹಪ್ಪಳ ತೆಗೆದು ಅವನ ಅಂಗೈಯಲ್ಲಿಟ್ಟರು.

“ತೋಡೋ.”

ಅವನು ಪೆಚ್ಚುಪೆಚ್ಚಾಗಿ ಮುರಿಯಲು ಬೆರಳು ಒತ್ತಿದ. ಹಪ್ಪಳ ಕಟ್ಟೆಂದಿತು.

“ತುಮ್ಹಾರಾ ಘರ್ ಮೇ ಐಸಾ ಟೂಟ್ತಾ ಹೈ ಕ್ಯಾ? ಅಬ್ ಖಾವೋ.”

ನಿನ್ನ ಮನೆಯಲ್ಲಿ ಹೀಗೆ ಮುರಿಯುತ್ತದಾ ಎಂಬ ಮಾತಿಗೆ ಜೊತೆಗೆ ಬಂದವರಲ್ಲೊಬ್ಬ ನಕ್ಕುಬಿಟ್ಟ. ಮ್ಯಾನೇಜರ್ ಹಪ್ಪಳ ತಿಂದೇ ಮೆಟ್ಟಿಲಿಳಿದ. ಹಿಂತಿರುಗುವಾಗ ಅತ್ತೆ ಲೋಕಲಿನಲ್ಲಿ ಕಿಟಕಿ ಪಕ್ಕದ ಸೀಟು ಗೆದ್ದು, ಮುಲುಂಡ್ ಬರುವವರೆಗೂ ತಮ್ಮಷ್ಟಕ್ಕೆ ನಗುತ್ತಿದ್ದರು.

ಅವರು ಹೋದದ್ದು ಕಳೆದ ಮಳೆಗಾಲದ ನಡುವೆ, ಮೂರು ದಿನದ ಜ್ವರದಲ್ಲಿ. ಕ್ರಿಯೆಕರ್ಮದ ಗಲಾಟೆಯಲ್ಲಿ ಗುರುವಾರಗಳು ತಪ್ಪಿದವು. ಉತ್ತರಕ್ರಿಯೆಯ ಬೊಜ್ಜ ಮುಗಿಯುತ್ತಲೇ ಮ್ಯಾನೇಜರ್ ಫೋನು ಮಾಡಿದ. ಬೀಗದ ಕೈ ಕೊಟ್ಟುಬಿಡೋಣ ಎಂದರು ನನ್ನ ಗಂಡ. ನಾನು ಬೀಗದ ಕೈಯನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ.

ಬಾಗಿಲು ತೆರೆದಾಗ ಕಮಟು ವಾಸನೆ. ಬಲ್ಬು ಸುಟ್ಟುಹೋಗಿತ್ತು. ಹಪ್ಪಳ ಒದ್ದೆ ಬಟ್ಟೆಯಂತೆ ಬೆರಳಿನಲ್ಲಿ ಜೋತುಬಿತ್ತು. ಅದನ್ನು ಹಿಡಿದುಕೊಂಡೇ ಕೂತು ಅತ್ತುಬಿಟ್ಟೆ. ಅವರು ಸತ್ತ ದಿನವೂ ಅಷ್ಟು ಅತ್ತಿರಲಿಲ್ಲ. ಆಮೇಲೆ ಸೆರಗು ಬಿಗಿದು ಎದ್ದೆ. ಗೋಡೆಯ ಬೂಸ್ಟು ಒರೆಸಿದೆ, ಉಪ್ಪು ಬದಲಾಯಿಸಿದೆ, ಹೊಸ ಬಲ್ಬು ಹಾಕಿದೆ. ಒಲೆ ಹಚ್ಚಿ ಒಂದು ಹಪ್ಪಳ ಸುಟ್ಟೆ.

ಅಷ್ಟರಲ್ಲಿ ಮ್ಯಾನೇಜರ್ ಬಾಗಿಲಿಗೆ ಬಂದ. ಬೀಗದ ಕೈಗಾಗಿ ಕೈ ಚಾಚಿ, “ಚಾವಿ, ಭಾಭೀ?” ಎಂದ.

ನಾನು ತಟ್ಟೆಯನ್ನು ಕಪಾಟಿನೊಳಗೆ ಇಟ್ಟು ಅದರ ಬಾಗಿಲು ಮುಚ್ಚಿದೆ. ಅತ್ತೆಯ ಹಾಗೆಯೇ ಅವನನ್ನು ಹಪ್ಪಳ ತಿನ್ನಲು ಕರೆದೆ.

“ಗುರುವಾರ್ ಕೋ ಆವೋ. ಪಾಪಡ್ ಖಿಲಾವೂಂಗೀ.”